ನಿಲ್ಲುವ ಸೈಕಲ್ಲು ಬೇಕಾಗಿತ್ತು

ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರುತ್ತಿದ್ದೆ. ದಸರೆ ಮುಗಿದ ಮೇಲೆ ಬಂದ ಮೊದಲ ಐತವಾರ. ಹಬ್ಬಕ್ಕೆ ಬಂದವರೆಲ್ಲ ಉಂಡು ಹೋಗಿದ್ದರು, ಅಡುಗೆಮನೆಯ ಡಬ್ಬಿಗಳು ತಳ ಕಂಡಿದ್ದವು, ನನ್ನ ರಟ್ಟೆಯಲ್ಲಿ ಇನ್ನೂ ಹೋಳಿಗೆ ಲಟ್ಟಿಸಿದ ನೋವಿತ್ತು. ಅಂದು ಶೇಂಗಾ ಹಿಂಡಿ ಕುಟ್ಟಿ ಇಡದಿದ್ದರೆ ಮರುದಿನ ರೊಟ್ಟಿಗೆ ಹಚ್ಚಿಕೊಳ್ಳಲು ಏನೂ ಇರಲಿಲ್ಲ. ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಒಳ್ಳೆಯ ಗಾಳಿ ಬೀಸುತ್ತದೆ. ಮೊರ ಎತ್ತಿ ಹಿಡಿದರೆ ಸಾಕು, ಸಿಪ್ಪೆ ತಾನಾಗಿಯೇ ಹಾರಿಹೋಗುತ್ತದೆ. ಗಾಳಿಯೂ ದೇವರ ಉಪಕಾರವೇ ಎಂದುಕೊಂಡು ಮೊರ ಎತ್ತಿದೆ. ಫೋನು ಹೊಡೆದುಕೊಳ್ಳತೊಡಗಿತು.

ಮಗಳ ಗೆಳತಿ ಶಬಾನಾ.

"ಖಾಲಾ, ನಾ ಮಸ್ಕಿ ಗುಡ್ಡದ ಕೆಳಗ ಅದೀನ್ರಿ. ಮಲ್ಲಿ ಮ್ಯಾಲ ಅದಾಳ. ಸೈಕಲ್ ಬ್ರೇಕ್ ಹಿಡೀವಲ್ದು ಅಂತ ಫೋನ್ ಮಾಡಿದ್ಲು, ಅಷ್ಟರಾಗ ಕಟ್ ಆತು. ನೀವು ಗಾಬ್ರಿ..."

ಇದೂ ಕಟ್ಟಾಯಿತು. ಗಾಬರಿಯಾಗಬೇಡಿ ಎನ್ನಲು ಹೊರಟಿದ್ದಳೋ, ಗಾಬರಿಯಾಗುವಂಥದ್ದೇ ಆಗಿದೆ ಎನ್ನಲು ಹೊರಟಿದ್ದಳೋ, ತಿಳಿಯಲಿಲ್ಲ. ತಿರುಗಿ ಮಾಡಿದೆ, ಹತ್ತಲಿಲ್ಲ. ಮಲ್ಲಿಗೆ ಮಾಡಿದೆ, ಅದೂ ಹತ್ತಲಿಲ್ಲ. ಆ ಗುಡ್ಡದ ಮೇಲಿನ ಗುಡಿಯ ಮಲ್ಲಯ್ಯನಿಗೆ ನಮ್ಮ ಕೂಗು ಕೇಳಿಸುತ್ತದೆ, ಫೋನಿಗೆ ಕೇಳಿಸುವುದಿಲ್ಲ. ನಮ್ಮ ಮನೆಯವರು ಸಿಂಧನೂರಿನಲ್ಲಿದ್ದರು. ಕಾಲುವೆ ಇಲಾಖೆಯ ಕೆಲಸ, ನೀರು ಬಿಟ್ಟ ದಿನಗಳಲ್ಲಿ ಐತವಾರವೂ ಇಲ್ಲ, ಸೋಮವಾರವೂ ಇಲ್ಲ. ಅವರಿಗೆ ಮಾಡಿದೆ.

"ನೀ ಮೊದ್ಲು ಫೋನ್ ಇಡು," ಅಂದರು. "ನಿನ್ನ ಫೋನ್ ನನ್ನ ಕೂಡ ಮಾತಾಡಾಕತ್ತಿದ್ರ ಆಕಿದು ಹ್ಯಾಂಗ ಹತ್ತಬೇಕು?"

ಅದೂ ಖರೆ. ಫೋನನ್ನು ಹೊಸ್ತಿಲ ಮೇಲಿಟ್ಟು ಅದರ ಎದುರಿಗೆ ಕುಳಿತೆ. ಮೊರ ತೊಡೆಯ ಮೇಲೇ ಇತ್ತು. ಗಾಬರಿಯಾಯಿತೇ ಎಂದು ನೀವು ಕೇಳಿದರೆ, ಇಲ್ಲ ಎನ್ನಬೇಕಾಗುತ್ತದೆ. ಗಾಬರಿಯಾಗಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ನನ್ನದು ಆ ಸೈಕಲ್ಲನ್ನು ಆರಿಸುವ ಮೂರು ತಿಂಗಳಲ್ಲಿಯೇ ಮುಗಿದಿತ್ತು. ಉಳಿದದ್ದು ದಣಿವು. ದಣಿವಿನಲ್ಲಿ ಒಂದು ಅನುಕೂಲವಿದೆ, ಕೈಕಾಲು ನಡುಗುವುದಿಲ್ಲ.

ಮಲ್ಲಿ ನನ್ನ ಒಬ್ಬಳೇ ಮಗಳು. ಹರಕೆ ಹೊತ್ತು ಹಡೆದವಳು, ಮಸ್ಕಿ ಗುಡ್ಡದ ಮಲ್ಲಯ್ಯನ ಹೆಸರನ್ನೇ ಇಟ್ಟೆವು, ಮಲ್ಲಮ್ಮ ಎಂದು. ಮಸ್ಕಿಯಲ್ಲಿ ಸರಕಾರಿ ಸರ್ವೇಯರ್ ಕೆಲಸ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಾಳೆ, ಯಾರದೋ ಹೊಲದ ಬದುವಿನ ಮೇಲೆ ನಿಂತು ಅಳೆಯುತ್ತಾಳೆ, ಎರಡೂ ಕಡೆಯವರ ಬೈಗುಳ ತಿಂದು ಸಂಜೆಗೆ ಬರುತ್ತಾಳೆ. ಪಾಮನಕಲ್ಲೂರಿನ ಕಡೆ ಒಂದು ಬದುವಿನ ಜಗಳ ಅಳೆಯಲು ಹೋದಾಗ ಅಣ್ಣತಮ್ಮಂದಿರಿಬ್ಬರೂ ಒಂದಾಗಿ ಇವಳ ಅಳತೆಯೇ ಸುಳ್ಳು ಅಂದರಂತೆ. "ನನ್ನಿಂದ ಅವರು ಒಂದಾದ್ರಲ್ಲವ್ವ, ಅಷ್ಟ ಪುಣ್ಯ," ಅಂದಳು ಆ ಸಂಜೆ, ಚಪ್ಪಲಿಯ ಕೆಂಪು ಮಣ್ಣು ಕೆರೆಯುತ್ತ.

ಇಂಥವಳಿಗೆ ಗುಡ್ಡ ಇಳಿಯುವ ಹುಚ್ಚು ಎಲ್ಲಿಂದ ಹತ್ತಿತೋ. ಗುಡ್ಡಕ್ಕೆ ಮುಂದಿನಿಂದ ಮೆಟ್ಟಿಲಿವೆ, ಭಕ್ತರಿಗೆ. ಹಿಂದಿನಿಂದ ಕುರಿ ಕಾಯುವವರ ಒಂದು ಜಾಡಿದೆ, ಬಂಡೆಗಳ ನಡುವೆ ತಿರುಗಿ ತಿರುಗಿ ಇಳಿಯುವಂಥದ್ದು. ಒಮ್ಮೆ ಅಳತೆಗೆಂದು ಹೋದವಳು ಆ ಜಾಡು ನೋಡಿ ಬಂದಳು. ಆಮೇಲೆ ಗೇರು ಇರುವ ಒಂದು ಸೈಕಲ್ಲು ಕೊಂಡಳು. ಐತವಾರ ಬಂದರೆ ಅದನ್ನು ಶಬಾನಾಳ ಅಣ್ಣನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಮಸ್ಕಿಗೆ ಹೋಗುವುದು, ಅದನ್ನು ತಳ್ಳಿಕೊಂಡು ಗುಡ್ಡ ಏರುವುದು, ಮೇಲಿಂದ ಹತ್ತಿ ಇಳಿಯುವುದು. ಜನ ಗುಡ್ಡ ಏರುವುದು ದೇವರಿಗಾಗಿ, ಇವಳು ಏರುವುದು ಇಳಿಯುವುದಕ್ಕಾಗಿ.

ಆ ವರ್ಷದ ಬೇಸಿಗೆಯಲ್ಲಿ ಬಿದ್ದಳು. ಕೊರಳೆಲುಬು ಮುರಿಯಿತು. ಜೋಳಿಗೆಯಲ್ಲಿ ಕೈ ಹಾಕಿಕೊಂಡು ಬಂದವಳಿಗೆ ನಾನೇ ತಲೆ ಬಾಚಿ, ಜಡೆ ಹೆಣೆದು, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಕೊಟ್ಟೆ. ಎಡಗೈ ಎಂಬುದೊಂದು ಪುಣ್ಯ, ಹೆಲ್ಮೆಟ್ ಇತ್ತೆಂಬುದು ಇನ್ನೊಂದು. ಹುಚ್ಚು ಬಿಟ್ಟಿತು ಎಂದುಕೊಂಡೆ. ಜೋಳಿಗೆ ಬಿಚ್ಚಿದ ವಾರವೇ ಬಂದು ನನ್ನ ಎದುರಿಗೆ ಕುಳಿತಳು.

"ಅವ್ವ, ನಾ ಇಳಿಯೂ ಮುಂದ ಬಿದ್ದಿಲ್ಲ, ಏರಿ ಬಿದ್ದೀನಿ. ಏರಿ ಏರಿ ಕಾಲು ಸೋತು ನಡುಗಾಕತ್ತಿದ್ವು. ಆ ಕಾಲು ತಗೊಂಡು ಇಳಿಯಾಕ ಹೋದ್ನಿ. ಮೋಟರ್ ಇರೂ ಸೈಕಲ್ ಅದಾವು. ಏರೂದು ಅದು ಏರ್ತದ, ಇಳಿಯೂದು ನಾ ಇಳೀತೀನಿ."

"ಏರೂದ್ಯಾಕ, ಇಳಿಯೂದ್ಯಾಕ? ಮನ್ಯಾಗ ಕೂಡಕ್ಕ ಏನಾಗ್ಯದ ನಿನಗ?"

ಅವಳು ಅಂದಳು, "ದಿನಾ ಸಂಜಿಗೆ ನನ್ನ ತಲ್ಯಾಗ ಹತ್ತು ಮಂದಿ ಜಗಳ ಮಾಡಾಕತ್ತಿರ್ತಾರವ್ವ. ಅಲ್ಲಿ ಇಳಿಯೂ ಮುಂದ ಯಾರೂ ಇರಂಗಿಲ್ಲ. ಮುಂದಿನ ಕಲ್ಲು ಒಂದ ಇರ್ತದ." ಮತ್ತೆ ಅಂದಳು, "ನೀ ಹೂಂ ಅಂದ್ರ ಮಾತ್ರ ತರ್ತೀನಿ. ಇಲ್ಲಂದ್ರ ಬಿಡ್ತೀನಿ. ನಿನ್ನ ಮ್ಯಾಲ ಆಣಿ."

ನನ್ನ ಮೇಲೆ ಆಣೆ ಹಾಕಿದರೆ ನಾನು ಮಲಗುವುದು ಹೇಗೆ, ಹೇಳಿ. ಬೇಡ ಎಂದರೆ ಮಗಳ ತಲೆಯಲ್ಲಿ ಆ ಹತ್ತು ಮಂದಿ ಹಾಗೇ ಉಳಿಯುತ್ತಾರೆ. ಹೂಂ ಎಂದರೆ, ಮುಂದಿನ ಕಲ್ಲಿಗೆ ನಾನೇ ಕಳಿಸಿದಂತೆ.

ತಲೆ ಖಾಲಿಯಾಗುವುದು ಎಂದರೆ ಏನೆಂದು ನನಗೂ ಗೊತ್ತಿಲ್ಲವೆಂದಲ್ಲ. ನನ್ನ ತವರು ವಳಕಮದಿನ್ನಿ. ಕಾಲುವೆಯ ನೀರು, ಭತ್ತದ ಗದ್ದೆ, ಕಣ್ಣು ಹರಿಸಿದಷ್ಟೂ ಸಮತಲ. ಇಳಿಜಾರು ಎಂಬುದು ನಮ್ಮೂರಿಗೆ ಇದ್ದದ್ದು ಒಂದೇ, ಕಾಲುವೆಯ ಏರಿ. ಅಪ್ಪನಿಗೆ ಒಂದು ಕರಿಯ ಸೈಕಲ್ಲಿತ್ತು, ನನ್ನ ಭುಜದೆತ್ತರ. ಸೀಟಿಗೆ ಕಾಲು ನಿಲುಕದು; ನಡುವಿನ ದಂಡಿಗೆಯ ಕೆಳಗೆ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ ಸೊಟ್ಟ ಮಾಡಿಕೊಂಡು ತುಳಿಯುವುದು. ಬ್ರೇಕಿನ ಕಡ್ಡಿಗಳು ಇದ್ದವು, ಗಾಲಿಗೆ ಮುಟ್ಟುತ್ತಿರಲಿಲ್ಲ. ಅಪ್ಪ ನಿಲ್ಲಿಸುತ್ತಿದ್ದದ್ದು ಚಪ್ಪಲಿಯಿಂದ. ಕಾಲನ್ನು ಮುಂದೆ ಚಾಚಿ ಚಪ್ಪಲಿಯ ಅಟ್ಟೆಯನ್ನು ಟೈರಿಗೆ ಒತ್ತಿದರೆ ಕರ್ರ್ ಎಂದು ನಿಲ್ಲುತ್ತಿತ್ತು. ಹೀಗಾಗಿ ಅವನ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಅವ್ವ ಜೋಡು ಮಾರುವವನ ಹತ್ತಿರ ಒಂದೇ ಕಾಲಿನದು ಕೊಡುತ್ತೀಯಾ ಎಂದು ಕೇಳಿದ್ದುಂಟು.

ಒಂದು ಮಧ್ಯಾಹ್ನ ಅಪ್ಪ ಉಂಡು ಒರಗಿದ್ದಾಗ ಆ ಸೈಕಲ್ಲನ್ನು ಏರಿಯ ಮೇಲೆ ತಳ್ಳಿಕೊಂಡು ಹೋದೆ. ಅಲ್ಲಿಂದ ಬಿಟ್ಟೆ. ಗಾಳಿ ಲಂಗದೊಳಗೆ ತುಂಬಿಕೊಂಡಿತು, ಕಿವಿಯಲ್ಲಿ ಬರೀ ಹೋ ಎನ್ನುವ ಸದ್ದು. ಆ ಒಂದು ಗಳಿಗೆ ನನಗೆ ಅವ್ವ ಇರಲಿಲ್ಲ, ಅಪ್ಪ ಇರಲಿಲ್ಲ, ನೀರು ತರುವ ಕೊಡ ಇರಲಿಲ್ಲ. ಚಪ್ಪಲಿಯನ್ನು ಏರಿಯ ಮೇಲೆಯೇ ಬಿಟ್ಟು ಬಂದಿದ್ದೇನೆ ಎಂಬುದು ಇಳಿಜಾರಿನ ಅರ್ಧಕ್ಕೆ ನೆನಪಾಯಿತು. ಬರಿಗಾಲನ್ನು ಟೈರಿಗೆ ಒತ್ತಿ ನೋಡಿದೆ, ಒತ್ತಿದಷ್ಟೇ ವೇಗದಲ್ಲಿ ಎಳೆದುಕೊಂಡೆ. ಸೈಕಲ್ಲು ಸೀದಾ ಹೋಗಿ ಸಸಿಮಡಿಯಲ್ಲಿ ಮಲಗಿತು, ನಾನು ಅದರ ಮೇಲೆ ಮಲಗಿದೆ. ಕೆಸರು ಮೆತ್ತಗಿತ್ತು. ದೇವರು ನನಗೆ ಇಳಿಜಾರಿನ ಕೆಳಗೆ ಕಲ್ಲಿಡದೆ ಗದ್ದೆ ಇಟ್ಟಿದ್ದನಲ್ಲ, ಅದನ್ನು ಇವತ್ತಿಗೂ ಮರೆತಿಲ್ಲ. ಅಪ್ಪ ಬೈಯಲಿಲ್ಲ. ಮಲಗಿದ ಸಸಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತ, "ಬಿಡೂದು ಯಾರಿಗಾದ್ರೂ ಬರ್ತದ, ನಿಂದರಸೂದು ಕಲಿಬೇಕು ಮಗಳ," ಎಂದ. ಅವ್ವ ಬೈದಳು, ಸೈಕಲ್ಲು ಮುಟ್ಟಬಾರದೆಂದಳು. ಮುಂದೆ ನಾನೂ ಮುಟ್ಟಲಿಲ್ಲ. ಮದುವೆಯಾಗಿ ಲಿಂಗಸುಗೂರಿಗೆ ಬಂದ ಮೇಲೆ ನನ್ನ ತಲೆ ಖಾಲಿಯಾದದ್ದು ನೆನಪಿಲ್ಲ. ಜಪಕ್ಕೆ ಕುಳಿತಾಗಲೂ ಕುಕ್ಕರಿನ ಸೀಟಿ ಎಣಿಸುತ್ತಿರುತ್ತೇನೆ. ಮಲ್ಲಯ್ಯನಿಗೆ ಅದೂ ಗೊತ್ತು.

ಅಪ್ಪನ ಆ ಮಾತು ನೆನಪಾಗಿಯೇ ಮಲ್ಲಿಗೆ ಹೇಳಿದೆ. "ತರೂದಾದ್ರ ಚಲೋತ್ನಂಗ ನಿಂದ್ರೂ ಸೈಕಲ್ ತಾ. ಹೂಂ ಅನ್ನೂದು ಅದನ್ನ ನೋಡಿದ ಮ್ಯಾಲ."

ಅಲ್ಲಿಂದ ಶುರುವಾಯಿತು ಮೂರು ತಿಂಗಳು. ಮನೆಯಲ್ಲಿ ರಾತ್ರಿ ಉಂಡ ತಟ್ಟೆ ಎತ್ತುವ ಮೊದಲೇ ಮಲ್ಲಿಯ ಫೋನು ಬಿಚ್ಚಿಕೊಳ್ಳುತ್ತಿತ್ತು. ಇದರ ಮೋಟರು ಶಕ್ತಿಯದು ಆದರೆ ಭಾರ ಬಹಳ, ಅದರ ಬ್ಯಾಟರಿ ಸಣ್ಣದು ಆದರೆ ಮೈ ಹಗುರ. ಇದರ ಮುಂದಿನ ಸಸ್ಪೆನ್ಷನ್ ಒಂದು ಗೇಣು ಕುಗ್ಗುತ್ತದೆ, ಅದರದು ಅಷ್ಟು ಕುಗ್ಗುವುದಿಲ್ಲ. ಇದರ ಟೈರಿನ ಹಲ್ಲು ಕಲ್ಲನ್ನು ಕಚ್ಚುತ್ತದೆ, ಅದರದು ಮಣ್ಣಿಗೆ ಸರಿ. ನಾನು ಹೂಂ ಹೂಂ ಎಂದು ಪಾತ್ರೆ ತಿಕ್ಕುತ್ತಿದ್ದೆ. "ಯಾವುದಕ್ಕ ಹೂಂ ಅಂದಿ?" ಎಂದು ಕೇಳಿದರೆ ಇನ್ನೊಂದು ತಟ್ಟೆ ಎಳೆದುಕೊಳ್ಳುತ್ತಿದ್ದೆ.

ಬಂದುಹೋದವರೆಲ್ಲ ಒಂದೊಂದು ಸಲಹೆ ಕೊಟ್ಟರು. ನಮ್ಮ ಮನೆಯವರದು ಒಂದೇ ಪ್ರಶ್ನೆ, "ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ಕಿಲೋಮೀಟರ್ ಓಡ್ತದ?" ಸಿಂಧನೂರಿಗೆ ಹೋಗಿ ಬರಬಹುದೇ ಎಂದು ಅವರ ಒಳಗಿನ ಲೆಕ್ಕ. ಮೈದುನ ಬಂದವನು ಫೋಟೊ ನೋಡಿ, "ಕ್ಯಾರಿಯರ್ ಎಲ್ಲಿ? ಸ್ಟ್ಯಾಂಡ್ ಎಲ್ಲಿ? ಮಡಗಾರ್ಡ್ ಸೈತ ಇಲ್ಲ. ಅರ್ಧ ಮಾಡಿ ಬಿಟ್ಟದ್ದನ್ನ ಮಾರಾಕತ್ಯಾರೇನು?" ಎಂದ. ನಮ್ಮ ಅತ್ತೆ, ಎಂಬತ್ತು ದಾಟಿದವರು, ಪಡಸಾಲೆಯ ಗೋಡೆಗೆ ಒರಗಿ ಕುಳಿತು ಎಲ್ಲವನ್ನೂ ಕೇಳುವವರು, ಕೊನೆಗೆ ಒಂದು ಮಾತು ಕೇಳಿದರು.

"ಗಂಟಿ ಐತೇನು ಅದಕ್ಕ?"

"ಗುಡ್ಡದಾಗ ಯಾರಿಗೆ ಬಾರಸ್ಲಿ ಅಜ್ಜಿ?"

"ಯಾರರೆ ಇರಲಿ ಬಿಡಲಿ. ಗಂಟಿ ಇಲ್ಲದ್ದು ಗಾಡಿ ಅಲ್ಲ."

ನನಗೆ ನನ್ನವೇ ಚಿಂತೆಗಳಿದ್ದವು. ನಮ್ಮ ಮನೆಗೆ ಐದು ಮೆಟ್ಟಿಲು, ಇಷ್ಟು ಭಾರದ್ದನ್ನು ಹತ್ತಿಸುವವರು ಯಾರು. ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಇದರ ಕೆಸರು ತೊಳೆಯುವುದು ಯಾವ ನೀರಿನಲ್ಲಿ. ಕರೆಂಟು ಹೋದಾಗಲೂ ನಡೆಯುವ ಇನ್ವರ್ಟರಿನ ಪ್ಲಗ್ಗು ಇಡೀ ಮನೆಯಲ್ಲಿ ದೇವರ ಜಗುಲಿಯ ಪಕ್ಕದಲ್ಲಿ ಒಂದೇ ಇದೆ, ಬ್ಯಾಟರಿಯನ್ನು ಅಲ್ಲಿ ಇಡಬಹುದೇ. ಇದನ್ನು ದೇವರಿಗೇ ಕೇಳಿಬಿಡೋಣ, ಮೂರ್ತಿಯ ಎರಡು ಬದಿಗೆ ಹೂ ಹಚ್ಚಿ ಯಾವುದು ಬೀಳುತ್ತದೋ ನೋಡೋಣ ಎಂದೂ ಅನ್ನಿಸಿತ್ತು. ಆದರೆ ಅರ್ಚಕರ ಎದುರಿಗೆ ನಿಂತು ಸಸ್ಪೆನ್ಷನ್ ಎಂಬ ಮಾತನ್ನು ಆಡುವ ಧೈರ್ಯ ಬರಲಿಲ್ಲ.

ಕೊನೆಗೆ ಎರಡು ಉಳಿದವು. ಎರಡನ್ನೂ ಸಿಂಧನೂರಿನ ಸೈಕಲ್ ಅಂಗಡಿಯ ಖಾಜಾಸಾಬರು ತರಿಸಿಟ್ಟಿದ್ದರು. ಒಂದು ಹೊಸದು. ಇನ್ನೊಂದನ್ನು ವಲಸೆ ರೈತರ ಕ್ಯಾಂಪಿನ ಕಡೆಯ ಒಬ್ಬ ಅಕ್ಕಿ ಗಿರಣಿಯವರು ಹುರುಪಿನಲ್ಲಿ ಕೊಂಡು, ಎರಡು ಸಲ ಹತ್ತಿ, ಸೊಂಟ ಹಿಡಿದುಕೊಂಡು ತಿರುಗಿ ಮಾರಲು ಕೊಟ್ಟಿದ್ದರು. ಒಂದು ಮುಂಜಾನೆ ಮಲ್ಲಿ ನನ್ನನ್ನು ಕರೆದುಕೊಂಡು ಹೋದಳು. ಹೊಸದು ಕೋಣದಂತೆ ದಪ್ಪಗೆ ನಿಂತಿತ್ತು, ಮಿರಿಮಿರಿ ಮಿಂಚುತ್ತಿತ್ತು. ಮಾರಲು ಬಂದದ್ದು ಬಡಕಲು, ಬೂದು ಬಣ್ಣ. ನನಗೆ ಹೊಸದೇ ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ಅದರ ಮೇಲೆ ಕುಂಕುಮ ಎದ್ದು ಕಾಣುತ್ತದೆ ಎಂದುಕೊಂಡೆ.

ಅಂಗಡಿಯ ಹಿಂದೆ ಉಪಕಾಲುವೆಯ ಏರಿ. ಮಲ್ಲಿ ಒಂದೊಂದರ ಮೇಲೆ ಹತ್ತಿ ಏರಿಯಿಂದ ಇಳಿದು ತೋರಿಸಿದಳು. ನಾನು ಅಂಗಡಿಯ ಹಿಂಬಾಗಿಲಿನಲ್ಲಿ ಕುಳಿತಿದ್ದೆ. ಅವಳು ಕೆಳಗೆ ಒಂದು ಹಳೆಯ ಟೈರು ಇಟ್ಟಿದ್ದಳು, ಅದರ ಹತ್ತಿರ ನಿಲ್ಲಿಸಬೇಕು. ದಪ್ಪನೆಯದು ಪ್ರತಿ ಸಲವೂ ಟೈರನ್ನು ದಾಟಿ ಹೋಗಿ ಬೇವಿನ ಗಿಡದ ಹತ್ತಿರ ನಿಂತಿತು. ಬಡಕಲು ಸೈಕಲ್ಲು ಟೈರಿನ ಈಚೆಗೇ ನಿಂತಿತು, ಮೂಗು ನೆಲಕ್ಕೆ ಬಾಗಿಸಿ, ನಮಸ್ಕಾರ ಮಾಡಿದ ಹಾಗೆ.

"ಖಾಜಾಸಾಬ, ನಿಂದ್ರೂದು ಇದ ಚಲೋ ಏನ್ರಿ?"

"ಅಕ್ಕಾರ, ಇಷ್ಟು ಮಂದಿ ಬಂದ್ರು, ಓಡೂದು ಕೇಳಿದ್ರು, ಏರೂದು ಕೇಳಿದ್ರು. ನಿಂದ್ರೂದು ಕೇಳಿದಾಕಿ ನಿಮ್ಮ ಮಗಳು, ಈಗ ನೀವು." ಅವರು ಗಾಲಿಯ ನಡುವಿನ ಉಕ್ಕಿನ ಬಿಲ್ಲೆಯನ್ನು ತೋರಿಸಿದರು, ಸಣ್ಣ ಊಟದ ತಟ್ಟೆಯಷ್ಟು, ತುಂಬ ತೂತು ತೂತು. "ಇದರದು ದೊಡ್ಡದು ಐತಿ. ಎರಡೂ ಕಡಿಂದ ಪ್ಯಾಡ್ ಬಂದು ಕಚ್ಚಿ ಹಿಡೀತಾವು. ಭಾಳ ನಾಜೂಕ ಮತ್ತ. ಎಣ್ಣಿ ಗಿಣ್ಣಿ ಬೀಳಬಾರ್ದು. ಎಣ್ಣಿ ಬಿತ್ತಂದ್ರ ಪ್ಯಾಡ್ ಕುಡದುಬಿಡ್ತಾವು, ಖಲಾಸ್."

ಈ ಮಾತು ನನ್ನ ಕಿವಿಗೂ ಬಿತ್ತು. ತಲೆಯನ್ನೂ ಆಡಿಸಿದೆ. ಆಮೇಲೆ ಹೂಂ ಅಂದೆ. ಆದರೆ ಬರೀ ಹೂಂ ಅಲ್ಲ, ಒಂದು ಕರಾರು ಹಾಕಿದೆ. "ಮ್ಯಾಲ ಹೋದ ಕೂಡ್ಲೆ ಸೀದಾ ಇಳಿಯಾಕ ಹೋಗಬಾರ್ದು. ಮೊದ್ಲು ಮಲ್ಲಯ್ಯನ ಬಾಗಿಲ ಮುಂದ ಸೈಕಲ್ ನಿಂದರಸಬೇಕು, ಇಳದು ಕೈ ಮುಗಿಬೇಕು. ಆಮ್ಯಾಲ ಏನರೆ ಮಾಡಿಕೋ." ಮಲ್ಲಿ ನಕ್ಕಳು. "ಅಷ್ಟ ಏನವ್ವ?" ಅಷ್ಟೇ ಎಂದೆ. ಅಷ್ಟು ಸುಲಭಕ್ಕೆ ಹೂಂ ಸಿಕ್ಕಿತೆಂದು ಅವಳಿಗೆ ನಂಬಿಕೆಯೇ ಬರಲಿಲ್ಲ.

ಸೈಕಲ್ಲು ಮನೆಗೆ ಬಂತು. ಒಂದೆರಡು ಐತವಾರ ಗುಡ್ಡಕ್ಕೂ ಹೋಯಿತು, ಮಗಳು ಇಡಿಯಾಗಿಯೇ ತಿರುಗಿ ಬಂದಳು. ಬಡಕಲು ಮೈಯ ಅದನ್ನು ಮೆಟ್ಟಿಲು ಹತ್ತಿಸಲು ಇಬ್ಬರು ಸಾಕಾಗುತ್ತಿತ್ತು. ಬ್ಯಾಟರಿ ಜಗುಲಿಯ ಪಕ್ಕದಲ್ಲಿಯೇ ಕುಳಿತಿತು. ಸಂಜೆ ಈ ಕಡೆ ದೇವರ ದೀಪ, ಆ ಕಡೆ ಬ್ಯಾಟರಿಯ ಹಸಿರು ದೀಪ. ಅತ್ತೆ ಎರಡಕ್ಕೂ ಕೈ ಮುಗಿಯುತ್ತಿದ್ದರು.

ಇಷ್ಟೆಲ್ಲ ನೆನಪಿಸಿಕೊಳ್ಳುತ್ತ ಹೊಸ್ತಿಲ ಮುಂದೆ ಕುಳಿತಿದ್ದೆ. ಆ ಬ್ರೇಕಿಗಾಗಿ ತಾನೆ ಮೂರು ತಿಂಗಳು ಗುದ್ದಾಡಿದ್ದು. ಆ ಬ್ರೇಕು ನೋಡಿ ತಾನೆ ನಾನು ಹೂಂ ಅಂದದ್ದು. ಅದೇ ಹಿಡಿಯುತ್ತಿಲ್ಲವೆಂದರೆ ಇನ್ನು ಯಾವುದನ್ನು ನಂಬುವುದು. ಮಲ್ಲಯ್ಯನಿಗೆ ಬೇಡಿಕೊಳ್ಳಲು ಹೋದೆ. "ನಿಂದರಸಪ್ಪ," ಎಂದಷ್ಟೇ ಅಂದೆ. ಒಳಗಿನಿಂದ ಅತ್ತೆ, "ಯಾರ ಕೂಡ ಮಾತಾಡಾಕತ್ತಿ?" ಎಂದರು. "ಯಾರಿಲ್ರಿ," ಎಂದೆ.

ಫೋನು ಹೊಡೆದುಕೊಂಡಿತು. ಶಬಾನಾ.

"ಖಾಲಾ, ಆರಾಮ ಅದಾಳ. ಮೊದ್ಲ ಇದನ್ನ ಹೇಳ್ತೀನಿ, ಆರಾಮ ಅದಾಳ. ಸೈಕಲ್ ಹಿಡಕೊಂಡು ಮೆಟ್ಲ ಮ್ಯಾಲಿಂದ ನಡಕೊಂತ ಇಳಿಯಾಕತ್ಯಾಳ. ನನ್ನ ಕಣ್ಣಿಗೆ ಕಾಣಾಕತ್ಯಾಳ. ಬೈಕೊಂತ ಬರಾಕತ್ಯಾಳ ನೋಡ್ರಿ, ಬಾಯಿ ಅಳ್ಳಾಡೂದು ಇಲ್ಲಿಗೆ ಕಾಣ್ತದ."

ಬೈಯುತ್ತಿದ್ದಾಳೆಂದರೆ ಎಲ್ಲ ಸರಿ ಇದೆ. ಮಗಳು ಬೈಯುವುದನ್ನು ಕೇಳಿ ಇಷ್ಟು ಹಿಗ್ಗಿದ್ದು ಅದೇ ಮೊದಲು. ಮನೆಯವರಿಗೆ ಫೋನು ಮಾಡಿ ಹೇಳಿದೆ. ಅವರು "ಹಾಂ" ಎಂದರು. ಹಿಂದೆ ನೀರು ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಮಧ್ಯಾಹ್ನಕ್ಕೆ ಲಗೇಜ್ ಆಟೋ ಬಾಗಿಲಿಗೆ ಬಂತು. ಇಬ್ಬರೂ ಸೈಕಲ್ಲು ಇಳಿಸಿ ಪಡಸಾಲೆಗೆ ತಂದರು. ಮಲ್ಲಿಯ ಬಲ ಮೊಣಕಾಲಿನ ಚರ್ಮ ಒಂದಿಷ್ಟು ತರಚಿತ್ತು. ನೀರು ಕುಡಿದು, ಗೋಡೆಗೆ ಒರಗಿ ಕುಳಿತು ಹೇಳಿದಳು.

"ಏರೂ ಮುಂದ ಬ್ರೇಕ್ ಯಾರು ಹಿಡೀತಾರ, ಗೊತ್ತ ಆಗ್ಲಿಲ್ಲ. ಮ್ಯಾಲ ಹೋಗಿ, ನೀ ಹೇಳಿದ್ದಿ ಅಲ್ಲ, ಗುಡಿ ಮುಂದ ನಿಂದರಸಾಕ ಅಂತ ಒತ್ತಿದ್ನಿ. ಬೆಣ್ಣಿ ಹಿಡದಂಗ ಆತವ್ವ. ಎರಡೂ ಕೈಲೆ ಒತ್ತಿದ್ರೂ ಹಂಗ ಹೊಂಟತು. ಗುಡಿ ದಾಟಿ ಹೋಗಿ ಬಸವಣ್ಣನ ಕಟ್ಟಿಗೆ ಡಿಕ್ಕಿ ಹೊಡದು ನಿಂತತು. ಸಮತಟ್ಟ ಜಾಗ, ಮೆಲ್ಲಕ ಹೊಂಟಿದ್ನಿ, ಏನಾಗ್ಲಿಲ್ಲ. ಸೀದಾ ಜಾಡಿಗೆ ಇಳಿದಿದ್ನಿ ಅಂದ್ರ..."

ಶಬಾನಾ "ತೋಬಾ" ಎಂದು ಕೆನ್ನೆ ಮುಟ್ಟಿಕೊಂಡಳು. ಮಲ್ಲಿ ಎದ್ದು ಹೋಗಿ ಮುಂದಿನ ಗಾಲಿಯ ಬಿಲ್ಲೆಯ ಮೇಲೆ ಬೆರಳಾಡಿಸಿದಳು. ಬೆರಳನ್ನು ಬೆಳಕಿಗೆ ಹಿಡಿದಳು. ಕೆಂಪಗಿತ್ತು, ಮಿರುಗುತ್ತಿತ್ತು. ಮೂಗಿಗೆ ಹಿಡಿದಳು.

"ಅಜ್ಜಿ, ಇದು ಕುಸುಬಿ ಎಣ್ಣಿ ವಾಸನಿ."

"ಮತ್ತೇನು, ಮಹಾನವಮಿ ದಿನ ಪೂಜಿ ಮಾಡಬ್ಯಾಡೇನು?" ಎಂದರು ಅತ್ತೆ, ಗೋಡೆ ಬಿಟ್ಟು ಕದಲದೆ. "ನೀ ಮಲಗಿದ್ದಿ. ಮುಂದಿನ ಗಾಲಿಗೆ ನಾ ಹಚ್ಚಿದ್ನಿ, ಹಿಂದಿನ ಗಾಲಿಗೆ ನಿಮ್ಮವ್ವ ಹಚ್ಚಿದ್ಲು."

ನಮ್ಮ ಕಡೆ ಮಹಾನವಮಿಗೆ ಮನೆಯ ಕಬ್ಬಿಣವೆಲ್ಲ ಪೂಜೆಗೆ ಬರುತ್ತದೆ. ಕುಡಗೋಲು, ಈಳಿಗೆ, ಹೊಲಿಗೆ ಯಂತ್ರ, ಮನೆಯವರ ಸ್ಕೂಟರು, ಮಲ್ಲಿಯ ಅಳತೆಯ ಸರಪಳಿ. ಒಂದೊಂದನ್ನೂ ಒರೆಸಿ, ಎಣ್ಣೆ ಸವರಿ, ಕುಂಕುಮ ಹಚ್ಚುವುದು. ವರ್ಷವಿಡೀ ತುಕ್ಕು ಹಿಡಿಯದಿರಲಿ ಎಂದು ಹಿರಿಯರು ಮಾಡಿದ್ದಿರಬೇಕು. ಸೈಕಲ್ಲಿನಲ್ಲಿ ಎಲ್ಲ ಬೂದು ಬೂದು, ಎಣ್ಣೆ ಎಲ್ಲಿ ಸವರಬೇಕೆಂದು ತಿಳಿಯಲಿಲ್ಲ. ಆ ಎರಡು ಉಕ್ಕಿನ ಬಿಲ್ಲೆಗಳು ಮಾತ್ರ ದೇವರ ಚಕ್ರದ ಹಾಗೆ ಹೊಳೆಯುತ್ತಿದ್ದವು. ಒಂದೊಂದು ತೂತಿನ ಸುತ್ತಲೂ ಕುಂಕುಮ ಇಟ್ಟೆವು. ಖಾಜಾಸಾಬರ ಮಾತು ನನಗೆ ಆಗಲೂ ನೆನಪಿತ್ತು. ಅವರು ಹೇಳಿದ್ದು ಅಂಗಡಿಯ ಎಣ್ಣೆಗೆ, ಎಂಜಿನ್ನಿನ ಎಣ್ಣೆಗೆ ಎಂದುಕೊಂಡಿದ್ದೆ. ದೇವರ ಮುಂದೆ ಇಟ್ಟ ಎಣ್ಣೆಯೂ ಆ ಲೆಕ್ಕಕ್ಕೆ ಬರುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಮಲ್ಲಿ ಸಿಟ್ಟಿಗೇಳುತ್ತಾಳೆ ಎಂದುಕೊಂಡೆ. ಎದ್ದರೆ ಸರಿಯೇ, ತಲೆ ತಗ್ಗಿಸಿ ಕೇಳುವುದೆಂದು ಗಟ್ಟಿ ಮಾಡಿಕೊಂಡೆ. ಅವಳು ಆ ಬೆರಳನ್ನೇ ನೋಡುತ್ತ ಕುಳಿತಿದ್ದಳು.

"ಮೂರು ತಿಂಗಳು ಬ್ರೇಕ್ ಒಂದ ನೋಡಿ ಆರಿಸಿದ್ನಿ ಅಜ್ಜಿ," ಎಂದಳು ಕೊನೆಗೆ.

"ದೇವರು ನಿಂದರಸಿದನಲ್ಲ."

"ದೇವರಲ್ಲ, ಬಸವಣ್ಣನ ಕಟ್ಟಿ ನಿಂದರಸ್ತು."

"ಮತ್ತ ಬಸವಣ್ಣ ಯಾರಂತ ತಿಳಕೊಂಡಿ, ನಿಮ್ಮ ಮಾವನ ಎತ್ತೇನು?"

ಶಬಾನಾ ಮುಖ ಆ ಕಡೆ ತಿರುಗಿಸಿದಳು, ಭುಜ ಕುಲುಕುತ್ತಿತ್ತು. ಮಲ್ಲಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಇಬ್ಬರೂ ನಗತೊಡಗಿದರು. ಯಾಕೆ ನಗುತ್ತಾರೆಂದು ಅತ್ತೆಗೆ ತಿಳಿಯಲಿಲ್ಲ, ಅವರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕೈಯೇ ಹಚ್ಚಿತ್ತು, ನನ್ನ ಮಾತೇ ನಿಲ್ಲಿಸಿತ್ತು. ಮಲ್ಲಯ್ಯ ಎರಡನ್ನೂ ನೋಡುತ್ತಿದ್ದ. ಅವನ ಉಪಕಾರಕ್ಕೆ ಕೈ ಮುಗಿಯಬೇಕೋ, ಅವನ ಎಣ್ಣೆಗೆ ಸಿಟ್ಟು ಮಾಡಬೇಕೋ, ಯೋಚಿಸಲೂ ದಣಿವು. ಮಗಳ ಮೊಣಕಾಲಿಗೆ ಅರಿಶಿನ ಹಚ್ಚಿದೆ. ಅಲ್ಲಿಗಾದರೂ ಹಚ್ಚಬಹುದಿತ್ತು.

ಶಬಾನಾ ಹೋದ ಮೇಲೆ ಮಲ್ಲಿ ಖಾಜಾಸಾಬರಿಗೆ ಫೋನು ಮಾಡಿದಳು. ಬಿಲ್ಲೆಗಳನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಸಾಕು, ಎಣ್ಣೆ ಕುಡಿದ ಪ್ಯಾಡುಗಳು ಮಾತ್ರ ಕೆಲಸಕ್ಕೆ ಬಾರವು, ಹೊಸವು ತರಿಸಬೇಕೆಂದರಂತೆ. ಸ್ಪಾನರು ಹಿಡಿದು ಹಳೆಯವನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಬೆಂಕಿಪೊಟ್ಟಣದ ಅರ್ಧ ಕೂಡ ಇರಲಿಲ್ಲ ಒಂದೊಂದು. ಇಷ್ಟು ಸಣ್ಣದರ ಮೇಲೆ ನನ್ನ ಮಗಳು ನಿಲ್ಲುತ್ತಾಳೆ. ಅದರಲ್ಲಿ ಒಂದು ಈಗಲೂ ನನ್ನ ಅಡುಗೆಮನೆಯಲ್ಲಿದೆ, ಗ್ರೈಂಡರಿನ ಕುಂಟುವ ಕಾಲಿನ ಕೆಳಗೆ. ಕಸ ಗುಡಿಸುವಾಗ ಕಸಬರಿಗೆಗೆ ತಾಗುತ್ತದೆ, ಇದೆಲ್ಲ ನೆನಪಾಗುತ್ತದೆ.

"ಅವ್ವ," ಎಂದಳು ಮಲ್ಲಿ, ಸ್ಪಾನರು ಒರೆಸುತ್ತ. ನನ್ನ ಕಡೆ ನೋಡಲಿಲ್ಲ. "ಹೊಸಾ ಪ್ಯಾಡ್ ಬಂದ ಮ್ಯಾಲ ಹೋಗ್ಲ್ಯಾ, ಬ್ಯಾಡಾ?"

ಇದೇ ಪ್ರಶ್ನೆ ಮತ್ತೊಮ್ಮೆ ಬರುತ್ತದೆಂದು ನನಗೆ ಗೊತ್ತಿತ್ತು. ಬೇಡ ಎನ್ನಲು ಅಂದಿಗಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಬೇಡ ಎಂದಿದ್ದರೆ ಬಿಡುತ್ತಿದ್ದಳು, ಆಣೆ ಮುರಿಯುವವಳಲ್ಲ. ಆ ಮಾತು ಬಾಯಿಯ ತನಕ ಬಂತು ಕೂಡ. ಆದರೆ ಅವಳ ಮುಖ ನೋಡಿದೆ. ಬೆವರು, ಮಣ್ಣು, ನಗು ಇಳಿದ ಮೇಲಿನ ದಣಿವು. ಹುಬ್ಬಿನ ನಡುವಿನ ಗಂಟು ಮಾತ್ರ ಇರಲಿಲ್ಲ. ಬದುವಿನ ಜಗಳ ಮುಗಿಸಿ ಸಂಜೆ ಬರುವಾಗ ತರುವ ಗಂಟು. ಇಳಿಯದೆ, ಬರೀ ಏರಿ ಬಂದದ್ದಕ್ಕೇ ಅದು ಸಡಿಲಾಗಿತ್ತು.

"ಹೋಗು," ಎಂದೆ. "ಮೊದ್ಲು ಬಾಗಿಲ ಮುಂದ ನಿಂದ್ರು. ಎರಡು ಸಲ ನಿಂದರಸಿ ನೋಡು."

"ಒಂದು ಸಲ ನನಗ, ಒಂದು ಸಲ ಮಲ್ಲಯ್ಯಗ?"

"ಎರಡೂ ನನಗ."

ಅವಳು ಸ್ನಾನಕ್ಕೆ ಹೋದಳು. ನನ್ನ ಶೇಂಗಾ ನೆನಪಾಯಿತು. ಮೊರ ಹೊಸ್ತಿಲ ಹತ್ತಿರವೇ ಇತ್ತು, ಗುಬ್ಬಿಗಳು ತಮ್ಮ ಪಾಲು ತೆಗೆದುಕೊಂಡು ಹೋಗಿದ್ದವು, ಗಾಳಿ ನಿಂತಿತ್ತು. ಉಳಿದ ಸಿಪ್ಪೆಯನ್ನು ಊದಿ ಊದಿ ಹಾರಿಸಿದೆ. ಒಳಗೆ ಹೋಗಬೇಕೆಂದರೆ ಸೈಕಲ್ಲು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿತ್ತು. ಸರಿಸಲು ಕೈ ಚಾಚಿದವಳು ಅಂಗೈ ನೋಡಿಕೊಂಡೆ. ಬೆಳಗಿನಿಂದ ಶೇಂಗಾ ತಿಕ್ಕಿದ ಜಿಡ್ಡು ಇನ್ನೂ ಹೊಳೆಯುತ್ತಿತ್ತು. ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ ಕೈ ತೊಳೆದು, ಸೆರಗಿನಿಂದ ಒರೆಸಿ, ಬಂದು ಅದನ್ನು ಗೋಡೆಗೆ ಒರಗಿಸಿದೆ. ಆಮೇಲೆ ಬೆಳ್ಳುಳ್ಳಿ, ಉಪ್ಪು, ಖಾರದಪುಡಿ ತೆಗೆದುಕೊಂಡು ಒಳಕಲ್ಲಿನ ಮುಂದೆ ಕುಳಿತು ಹಿಂಡಿ ಕುಟ್ಟತೊಡಗಿದೆ.